ಮಾವನ ಕೈಗೊಂದು ಟ್ಯಾಂಕು

ಆಡಿ ತಿಂಗಳ, ಅಂದರೆ ಆಷಾಢದ ಗಾಳಿ ಎದ್ದರೆ ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಪಡುವಣ ಬೆಟ್ಟದ ಸಂದಿನಿಂದ ಇಳಿಯುವ ಆ ಗಾಳಿ ತೆಂಗಿನ ಗರಿಗಳನ್ನೆಲ್ಲ ಒಂದೇ ಕಡೆಗೆ ಬಾಚಿ, ಬಾಯಿಂದ ಹೊರಟ ಮಾತನ್ನು ಅರ್ಧ ದಾರಿಯಲ್ಲೇ ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಕೇಳಿಸದಿದ್ದರೆ ಯಾರನ್ನೂ ದೂರುವ ಹಾಗಿಲ್ಲ, ತಪ್ಪನ್ನು ಗಾಳಿಯ ಮೇಲೆ ಹೊರಿಸಿದರಾಯಿತು.

ಅಂಥ ಒಂದು ಆಡಿಯಲ್ಲಿ ನನ್ನ ಸೋದರಮಾವನ ಹೆಂಡತಿ, ನಮ್ಮ ಅತ್ತೆ, ಬಸ್ ನಿಲ್ದಾಣದ ಟೆಲಿಫೋನ್ ಬೂತಿನಿಂದ ದಿಂಡಿಗಲ್ಲಿಗೆ ಫೋನ್ ಮಾಡಿದಳು. ನಾನು ಅಲ್ಲಿನ ಒಂದು ಮೋಟಾರ್‌ಸೈಕಲ್ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕೈಗೆ ಮೆತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತ ರಿಸೀವರ್ ಹಿಡಿದೆ.

"ನಾಳೆ ಮೊದಲ್ ಬಸ್ಸಿಗೆ ಬಂದ್ಬುಡು," ಅಂದಳು. "ಯಾಕೆ ಬಂದೆ ಅಂತ ನಿಮ್ಮ ಮಾವ ಕೇಳಿದ್ರೆ ಅಜ್ಜೀನ ನೋಡೋಕೆ ಅಂತ ಏಳು."

"ಅಜ್ಜಿಗೆ ಏನಾಯ್ತು?"

"ಅಜ್ಜಿಗೆ ಏನಾಗ್ತದೆ, ಕಲ್ಲು ತಿಂದು ಕರಗಿಸ್ತಾಳೆ. ನೀ ಬಾ, ಬಂದ್ಮೇಲೆ ಏಳ್ತೀನಿ."

ಏಳು ಎಂದರೆ ಹೇಳು. ನಮ್ಮ ಮನೆಮಾತಿನಲ್ಲಿ ಹಕಾರವಿಲ್ಲ. ಹಾಲು ಆಲು, ಹೋಗು ಓಗು, ಹಾಕು ಆಕು. ಎಷ್ಟೋ ತಲೆಮಾರುಗಳ ಹಿಂದೆ ನಮ್ಮವರು ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಈ ಕಣಿವೆಗೆ ಇಳಿಯುವಾಗ ಆ ಸದ್ದನ್ನು ದಾರಿಯಲ್ಲೆಲ್ಲೋ ಬೀಳಿಸಿಕೊಂಡರು ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಕನ್ನಡ ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಮಾತು ಕಲಿತದ್ದು ಅವಳ ಮಡಿಲಲ್ಲಿ. ತಮಿಳಿನ ಮಾತು ನಡುವೆ ನುಸುಳಿದರೆ ಅವಳು ತೊಡೆಗೆ ಚಿವುಟಿ, "ಬೀದಿ ಮಾತನ್ನ ಬೀದೀಲೇ ಬಿಟ್ಟು ಬಾ" ಎನ್ನುತ್ತಿದ್ದಳು. ಆ ಮಾತಿನಲ್ಲಿ ಮಾವನಿಗೂ ನೀನು, ಅತ್ತೆಗೂ ನೀನು. ತಮಿಳಿಗೆ ತಿರುಗಿದ ಕೂಡಲೇ ಅದೇ ಮಾವನಿಗೆ ನೀಂಗ ಎಂದು ಬಹುವಚನ ಹಚ್ಚುತ್ತಿದ್ದೆವು. ನಮಗೆ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಕೂತವನಿಗೆ ನೆಮ್ಮದಿಯಿಲ್ಲ. ತೇನಿಯಲ್ಲಿ ಬಸ್ಸು ನಿಂತಾಗ ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಕಂಡಕ್ಟರ್ ನನ್ನನ್ನು ಟಿಕೆಟ್ ಇಲ್ಲದವನೇನೋ ಎಂಬಂತೆ ನೋಡಿದ. ಸಂಜೆ ಆರರ ಬಸ್ಸಿಗೆ ತಿರುಗಿ ಹೊರಡಬೇಕು, ಮರುದಿನ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಇರಬೇಕು. ಅಷ್ಟರೊಳಗೆ ಅದೇನೋ ಒಂದು ಕೆಲಸ, ಏನೆಂದು ಗೊತ್ತಿಲ್ಲ.

ಗೊತ್ತಾದದ್ದು ಹಿತ್ತಲಿನ ತೊಳೆಯುವ ಕಲ್ಲಿನ ಹತ್ತಿರ. ಅತ್ತೆ ಬಟ್ಟೆ ಹಿಂಡುತ್ತ, ಮುಂದಿನ ಶೆಡ್ಡಿನ ಕಡೆ ಒಂದು ಕಣ್ಣಿಟ್ಟು ಹೇಳಿದಳು. ಮಾವನ ಶೆಡ್ಡು ಮನೆಯ ಮುಂದೆಯೇ, ಕೊಂಬೈ ರಸ್ತೆಗೆ ಮುಖ ಮಾಡಿ ನಿಂತಿದ್ದ ನಾಲ್ಕು ಕಂಬ, ಒಂದು ತಗಡು. ಅಲ್ಲಿ ಅವನು ವಂಡಿ, ಅಂದರೆ ಮೋಟಾರ್‌ಸೈಕಲ್, ರಿಪೇರಿ ಮಾಡುತ್ತಿದ್ದ.

"ಈ ತಿಂಗಳು ಮೂರು ವಂಡಿ ತಿರುಗಿ ಬಂದ್ವು. ಮೂರೂ ಒಸಾವು. ಬರೋವಾಗ ಎಂಗಿತ್ತೋ ಅಂಗೇ ಐತೆ ಅಂತ ಬಿಟ್ಟೋದ್ರು. ಮೂವತ್ತು ವರ್ಷದ ಕೈ ಅದು. ಅವ್ರ ಎದ್ರಿಗೆ ಯಾರೂ ಏಳಲ್ಲ, ಟೀ ಅಂಗಡೀಲಿ ಕೂತು ನಗ್ತಾರೆ. ನಗಿಸ್ಕೊಂಡು ಮುಚ್ಚೋದಕ್ಕಿಂತ ಈಗ್ಲೇ ಮುಚ್ಲಿ. ತೋಟ ಐತೆ, ತೆಂಗಿಗೆ ನೀರು ಕಟ್ಕೊಂಡಿರ್ಲಿ."

"ಅದನ್ನ ನೀನೇ ಏಳು ಅತ್ತೆ."

"ನಾ ಏಳಿದ್ರೆ ಅಡುಗೆ ಮನೆ ನೋಡ್ಕೋ ಅಂತಾರೆ. ನೀ ಕೆಲ್ಸ ಕಲ್ತಿದ್ದೇ ಅವ್ರತ್ರ. ಶೆಡ್ಡು ಮುಚ್ಚು ಅಂತ ನೀನೇ ಏಳ್ಬೇಕು. ಬಸ್ಸಿಗೆ ಓಗೋಕ್ ಮುಂಚೆ ಏಳಿ ಓಗು."

ಹಲ್ಲಿಗೆ ಸಿಕ್ಕಿಕೊಂಡ ಮಾವಿನ ನಾರಿನಂತೆ ಆ ಮಾತು ಅಂದು ಇಡೀ ದಿನ ನನ್ನ ಬಾಯಲ್ಲಿತ್ತು. ನಾಲಗೆ ಪದೇ ಪದೇ ಅಲ್ಲಿಗೇ ಹೋಗುತ್ತಿತ್ತು. ತೆಗೆಯಲೂ ಆಗದು, ಬಿಡಲೂ ಆಗದು.

ಮೊದಲು ಬೆಳಗಿನ ಊಟಕ್ಕೆ ಕೂರಿಸಿದರು. ತಂಗಿಯ ಮಗ ಬಂದರೆ ಮಾವನೇ ಬಡಿಸಬೇಕೆಂಬುದು ಆ ಮನೆಯ ರೂಢಿ. ಮಾವ ಸೊಂಟಕ್ಕೆ ಟವೆಲ್ ಸುತ್ತಿ, ಸಜ್ಜೆಯ ಗಂಜಿಗೆ ಮಜ್ಜಿಗೆ ಸುರಿಯತೊಡಗಿದ. ನಾನು ತಟ್ಟೆ ನೋಡುತ್ತ, "ಸಾಕು ಮಾವ" ಎಂದೆ. ಸುರಿದ. "ಸಾಕು, ಸಾಕು" ಎಂದೆ. ಇನ್ನೂ ಸುರಿದ. ಮಜ್ಜಿಗೆ ಅಂಚು ದಾಟಿ ನೆಲಕ್ಕಿಳಿದು ನನ್ನ ಮೊಣಕಾಲಿನ ಕಡೆಗೆ ಹರಿಯಿತು.

ಗೋಡೆಗೆ ಒರಗಿ ಕೂತ ಅಜ್ಜಿ ಮಗನನ್ನು ನೋಡಿ ಹೆಮ್ಮೆಯಿಂದ ನಕ್ಕು ನನಗೆ ಹೇಳಿದಳು. "ಅವ್ನದು ಅವರಪ್ಪನ ಕೈ ಕಣೋ. ಸಾಕು ಅಂದ್ರೂ ನಿಲ್ಲೋ ಕೈಯಲ್ಲ."

ಎಲ್ಲರೂ ನಕ್ಕೆವು. ಎಷ್ಟೋ ವರ್ಷದಿಂದ ನಗುತ್ತಿದ್ದೆವು. ಮಾವನ ಕೈ ದೊಡ್ಡದು ಎಂಬುದು ನಮ್ಮ ನೆಂಟರಲ್ಲೆಲ್ಲ ಹೆಸರಾದ ವಿಷಯ. ಮದುವೆಗಳಲ್ಲಿ ಪಾಯಸದ ಬಕೆಟ್ ಹಿಡಿದು ಅವನು ಬಂದರೆ ಜನ ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿಯುತ್ತಿದ್ದರು.

ಊಟ ಮುಗಿದು ಶೆಡ್ಡಿಗೆ ಬಂದರೆ, ದನದ ಆಸ್ಪತ್ರೆಯ ಕಾಂಪೌಂಡರ್ ತನ್ನ ಹಳೆಯ ಮೋಟಾರ್‌ಸೈಕಲನ್ನು ತಳ್ಳಿಕೊಂಡು ಬರುತ್ತಿದ್ದರು. ಕೊಂಬೈನವರು, ನಮ್ಮ ಮಾತೇ ಆಡುವವರು. ಊರೆಲ್ಲ ಅವರನ್ನು ಡಾಕ್ಟರ್ ಎಂದೇ ಕರೆಯುತ್ತಿತ್ತು. ಯಾವಾಗಲೂ ತಮಾಷೆಯ ಮನುಷ್ಯ, ಅಂದು ಮುಖ ಬಿಗಿದಿತ್ತು.

"ಅಣ್ಣಾ, ಓದ್ ವಾರ ನೀವು ಸರಿ ಮಾಡಿ ಕೊಟ್ಟ ವಂಡಿ ಇದು," ಎಂದು ಸ್ಟ್ಯಾಂಡ್ ಹಾಕಿದರು. "ನೆನ್ನೆ ಬೆಟ್ಟದ ಬುಡದಲ್ಲಿ ಒಂದು ಅಸು. ಕರು ಅಡ್ಡ ತಿರುಗಿತ್ತು. ಏರಿನಲ್ಲಿ ವಂಡಿ ನಿಂತೋಯ್ತು. ತಳ್ಕೊಂಡು ಓಗೋಷ್ಟೊತ್ತಿಗೆ ಕರು ಓಗಿತ್ತು."

ಮಾವ ಕಾಂಪೌಂಡರ್ ಬಾಯಿಯನ್ನೇ ನೋಡುತ್ತ ನಿಂತಿದ್ದ.

"ನಿಮ್ಮನ್ನ ಬಿಟ್ಟು ಬೇರೆ ಕಡೆ ಓದೋನಲ್ಲ ನಾನು. ಇವತ್ತು ನೋಡ್ತೀನಿ ಅಣ್ಣಾ. ಇವತ್ತೂ ಆಗ್ಲಿಲ್ಲ ಅಂದ್ರೆ ನಾಳೆ ದಿಂಡಿಗಲ್ಲಿಗೇ ತಕೊಂಡೋಗ್ತೀನಿ. ಕೋಪ ಮಾಡ್ಕೋಬೇಡಿ."

ದಿಂಡಿಗಲ್ಲು ಎನ್ನುವಾಗ ಅವರು ನನ್ನ ಕಡೆ ನೋಡಿದರು. ನಾನು ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಏನೋ ಹುಡುಕುವವನಂತೆ ಬಗ್ಗಿದೆ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ ಬಂದು ಹೋಯಿತು.

ಕಾರ್ಬುರೇಟರಿನ ಕೆಳಗಿನ ಬಟ್ಟಲನ್ನು ನಾನೇ ಬಿಚ್ಚಿದೆ. ಒಳಗೆ ಕಾಫಿಪುಡಿಯಂತೆ ಕಂದು ತುಕ್ಕು. ಟ್ಯಾಂಕ್ ಇಳಿಸಿ ಅಲ್ಲಾಡಿಸಿದರೆ ಒಳಗಿನಿಂದ ಸರಸರ ಸದ್ದು. ತಳದಲ್ಲಿ ತಗಡು ಕೂಡಿಸಿದ ಹೊಲಿಗೆಯಲ್ಲಿ ಒಂದು ಕಡೆ ಪೆಟ್ರೋಲು ಜಿನುಗಿ ಕಲೆ ಬೇರೆ. ತುಕ್ಕು ಕೆರೆಸಿ ಬೆಸುಗೆ ಹಾಕಿಸದೆ ಆ ಟ್ಯಾಂಕಿನಿಂದ ಕೆಲಸವಿಲ್ಲ. ತೇನಿಯಲ್ಲಿ ಬೆಸುಗೆಯವನು ಒಬ್ಬನಿದ್ದ. ಕಾಂಪೌಂಡರ್ ತಾವೇ ಟ್ಯಾಂಕನ್ನು ಗೋಣಿಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟರು. ನಾಲ್ಕು ಗಂಟೆಗೆ ತಿರುಗಿ ಬರುತ್ತೇನೆ, ಬಂದವನೇ ಟ್ಯಾಂಕು ಕೂರಿಸಿ ಬೆಟ್ಟದ ಬುಡಕ್ಕೆ ಹೋಗಬೇಕು, ಆ ಹಸುವಿಗೆ ಇನ್ನೂ ಸೂಜಿಮದ್ದು ಬಾಕಿಯಿದೆ ಎಂದರು. ಅಷ್ಟರೊಳಗೆ ಕಾರ್ಬುರೇಟರ್ ಹದಕ್ಕೆ ಬಂದಿರಬೇಕು.

ಟ್ಯಾಂಕೇ ಇಲ್ಲದೆ ಹೇಗೆ ಎಂದು ನಾನು ಕೇಳಿದ್ದಕ್ಕೆ, ಹೊರಟವರು ತಿರುಗಿ ತಮ್ಮ ಚರ್ಮದ ಚೀಲದಿಂದ ಒಂದು ಖಾಲಿ ಪ್ಲಾಸ್ಟಿಕ್ ಗ್ಲೂಕೋಸ್ ಬಾಟಲಿಯನ್ನೂ ಅದರ ಟ್ಯೂಬನ್ನೂ ತೆಗೆದು ಮಾವನ ಕೈಗಿಟ್ಟರು. ಮುಖ ಅಲ್ಲಿ ಸ್ವಲ್ಪ ಸಡಿಲವಾಯಿತು. "ತಕೊಳ್ಳಿ. ಒಂದು ಅಸು ಉಳಿಸಿದ ಬಾಟ್ಲಿ. ನನ್ನ ವಂಡೀನೂ ಉಳಿಸ್ಲಿ."

ದಿಂಡಿಗಲ್ಲಿನಲ್ಲಿ ನಾವು ಇಂಥದನ್ನು ದಿನಾ ಬಳಸುತ್ತಿದ್ದೆವು. ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದು, ಈಗ ಮೇಲೆ ಬಂದ ಅದರ ತಳವನ್ನು ಬ್ಲೇಡಿನಿಂದ ಮೂರು ಕಡೆ ಸೀಳಿ ಮುಚ್ಚಳದಂತೆ ಎತ್ತಿದೆ. ಪೆಟ್ರೋಲು ಸುರಿಯುವುದಕ್ಕೂ ಅದೇ ದಾರಿ, ಗಾಳಿಯಾಡುವುದಕ್ಕೂ ಅದೇ ದಾರಿ. ಗಾಳಿ ಹೋಗಲು ಜಾಗವಿಲ್ಲದಿದ್ದರೆ ಪೆಟ್ರೋಲು ಇಳಿಯುವುದಿಲ್ಲ. ಒಳಗೆ ಸಕ್ಕರೆ ನೀರಿನ ಪಸೆ ಉಳಿಯಬಾರದೆಂದು ಎರಡು ಸಲ ಪೆಟ್ರೋಲಿನಲ್ಲೇ ಕುಲುಕಿ ಚೆಲ್ಲಿದೆ. ಗ್ಲೂಕೋಸಿನ ಟ್ಯೂಬು ಪೆಟ್ರೋಲಿಗೆ ತಾಳದೆ ಬಿರುಸಾಗುತ್ತದೆ. ಅದನ್ನು ಗೇಣುದ್ದಕ್ಕೆ ಕತ್ತರಿಸಿ, ಉಳಿದ ದೂರಕ್ಕೆ ವಂಡಿಯದೇ ರಬ್ಬರ್ ಟ್ಯೂಬನ್ನು ಸಿಕ್ಕಿಸಿ ತಂತಿ ಬಿಗಿದೆ. ಹನಿ ಬೀಳುವ ಸಣ್ಣ ಗಾಜಿನಂಥ ಕೊಳವೆಯನ್ನೂ, ಬೆರಳಿನಿಂದ ಉರುಳಿಸಿದರೆ ಟ್ಯೂಬನ್ನು ಅದುಮಿ ನಿಲ್ಲಿಸುವ ಚಕ್ರವನ್ನೂ ಹಾಗೇ ಉಳಿಸಿಕೊಂಡೆ. ಕೊನೆಗೆ ಇಡೀ ಬಾಟಲಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಶೆಡ್ಡಿನ ಅಡ್ಡಗಳುವಿಗೆ, ಕಾರ್ಬುರೇಟರಿಗಿಂತ ಎರಡು ಮೊಳ ಮೇಲೆ ತೂಗುಹಾಕಿದೆ.

ಮಾವ ಎಲ್ಲವನ್ನೂ ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಇದೇನು ಬಾಣಂತಿಗೆ ಆಕ್ದಂಗೆ."

"ಟೆಂಪರರಿ ಟ್ಯಾಂಕು ಮಾವ. ಕೆಲಸಕ್ಕೆ ಕೈ ಆಡಕ್ಕೆ ಜಾಗ ಸಿಗ್ತದೆ."

"ನಂಗೆ ಟ್ಯಾಂಕಿದ್ರೇ ಜಾಗ," ಎಂದ. ಆಗ ಅದು ನನಗೆ ತಲೆಗೆ ಹೋಗಲಿಲ್ಲ.

ಮಾವನ ಕೆಲಸದ ರೀತಿ ಹೇಳಬೇಕು. ಕಾರ್ಬುರೇಟರ್ ಹದ ಮಾಡುವಾಗ ಅವನ ಬಲಗೈಯಲ್ಲಿ ಸ್ಕ್ರೂಡ್ರೈವರ್, ಎಡ ಅಂಗೈ ಯಾವಾಗಲೂ ಟ್ಯಾಂಕಿನ ಮೇಲೆ. ಹಾಲು ಕರೆಯುವವಳು ಹಸುವಿನ ಪಕ್ಕೆಗೆ ತಲೆ ಒರಗಿಸುವ ಹಾಗೆ ಅವನು ಕೈ ಒರಗಿಸುತ್ತಿದ್ದ. ಕಣ್ಣು ಮುಚ್ಚಿ, ಗಾಳಿಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಕಾದು, ಮತ್ತೆ ತಿರುಗಿಸಿ, ಇಂಜಿನ್ನು ಒಂದೇ ಸಮ ಉಸಿರಾಡುವ ಆ ಒಂದು ಜಾಗ ಸಿಕ್ಕಿತೆಂದರೆ ಅಂಗೈ ಎತ್ತಿ ಟ್ಯಾಂಕನ್ನು ಮೆಲ್ಲಗೆ ತಟ್ಟುತ್ತಿದ್ದ. ಪ್ರೀತಿ ಎಂದುಕೊಂಡಿದ್ದೆವು. ನಾನೂ ದಿಂಡಿಗಲ್ಲಿನಲ್ಲಿ ಹಾಗೇ ಕೈ ಇಡುತ್ತಿದ್ದೆ, ಗುಡಿಯಲ್ಲಿ ದೊಡ್ಡವರು ಮಾಡಿದಂತೆ ಮಾಡುವ ಹಾಗೆ, ಯಾಕೆಂದು ಕೇಳದೆ.

ಮೊದಲ ಕಿಕ್ಕಿಗೇ ಇಂಜಿನ್ನು ಎದ್ದಿತು. ಕೊಳವೆಯಲ್ಲಿ ಪೆಟ್ರೋಲಿನ ಹನಿ ತಟತಟ ಬೀಳುತ್ತಿತ್ತು. ಮಾವ ಕುಕ್ಕರಗಾಲಲ್ಲಿ ಕೂತು ಸ್ಕ್ರೂಡ್ರೈವರ್ ಹಿಡಿದ. ಎಡಗೈ ಮೇಲೆದ್ದು, ಟ್ಯಾಂಕು ಇರಬೇಕಾದ ಜಾಗದಲ್ಲಿ ಬಯಲನ್ನು ಮುಟ್ಟಿ ಹಾಗೇ ನಿಂತಿತು. ತೂಗುವ ಬಾಟಲಿಯನ್ನು ಹಿಡಿದು ನೋಡಿದ, ಬಿಟ್ಟ. ಸೀಟಿನ ಮೇಲೆ ಇಟ್ಟ, ತೆಗೆದ. ಬರಿದಾದ ಚಾಸಿಯ ಪೈಪಿನ ಮೇಲೆ ಇಟ್ಟ, ಮುಖ ಸಿಂಡರಿಸಿದ. ಸ್ಕ್ರೂ ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ. ಇಂಜಿನ್ನು ಕೆಮ್ಮಿತು, ನಿಂತಿತು. ಮತ್ತೆ ಕಿಕ್ಕು. ಮತ್ತೆ ಅದೇ.

ಹನ್ನೊಂದಾಯಿತು. ಹನ್ನೆರಡಾಯಿತು. ಗಾಳಿಗೆ ಬಾಟಲಿ ಗಡಿಯಾರದ ಲೋಲಕದಂತೆ ಅತ್ತಿತ್ತ ಆಡುತ್ತಿತ್ತು. ನಾನು ಶೆಡ್ಡಿನ ಈ ಕಂಬದಿಂದ ಆ ಕಂಬಕ್ಕೆ ಅಡ್ಡಾಡಿದೆ. ಹದ ತಪ್ಪಿದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕೈ ತುರಿಸುತ್ತಿತ್ತು. ಇತ್ತ ಕೊಡು ಮಾವ ಎಂದು ಒಂದು ಮಾತು ಅಂದಿದ್ದರೆ ಎರಡು ನಿಮಿಷದ ಕೆಲಸ. ಆದರೆ ಆ ಮಾತಿನ ಹಿಂದೆಯೇ ಅತ್ತೆಯ ಮಾತೂ ಬಂದುಬಿಡುತ್ತದೆಂದು ಗೊತ್ತಿತ್ತು. ಸ್ಕ್ರೂಡ್ರೈವರ್ ಕಿತ್ತುಕೊಂಡವನು ಶೆಡ್ಡನ್ನೂ ಕಿತ್ತುಕೊಂಡ ಹಾಗೆ. ಕಿಟಕಿಯಲ್ಲಿ ಅತ್ತೆ ಹುಬ್ಬು ಏರಿಸಿದಳು, ಹೇಳಿದೆಯಾ ಎಂಬ ಹಾಗೆ. ನಾನು ಇಲ್ಲವೆಂದು ತಲೆಯಾಡಿಸಿ ಬಾವಿಯ ತನಕ ಹೋಗಿ ಸುಮ್ಮನೆ ಬಂದೆ.

ಒಂದು ಗಂಟೆಯ ಹೊತ್ತಿಗೆ ಮಾವ, ಇಂಜಿನ್ನು ನಿಂತುಹೋಗದಿರಲೆಂದು ನನಗೆ ಥ್ರಾಟಲ್ ಹಿಡಿಯಲು ಹೇಳಿ, ಸ್ಟೂಲಿನ ಮೇಲೆ ಹತ್ತಿ ಬಾಟಲಿಗೆ ಪೆಟ್ರೋಲು ತುಂಬತೊಡಗಿದ. ನಿಲ್ಲಿಸಿ ತುಂಬಬೇಕಾದ್ದು. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರಿಗೂ ತಾಳ್ಮೆ ಮುಗಿದಿತ್ತು. ನಾನು ಕೆಳಗಿನಿಂದ ಬಾಟಲಿಯ ಮಟ್ಟ ನೋಡುತ್ತಿದ್ದೆ. ಮುಕ್ಕಾಲಿಗೆ ಬಂತು.

"ಸಾಕು ಮಾವ."

ಅವನು ಸುರಿದ.

"ಸಾಕು, ಸಾಕು."

ಅವನು ಕ್ಯಾನನ್ನು ಇನ್ನಷ್ಟು ಬಗ್ಗಿಸಿದ. ನಾನು ಗಂಟಲು ಹರಿಯುವಂತೆ ಸಾಕು ಸಾಕು ಎಂದು ಕೂಗಿದಷ್ಟೂ ಅವನು ಅವಸರ ಅವಸರವಾಗಿ ಸುರಿದ. ಪೆಟ್ರೋಲು ಬಾಟಲಿಯ ಅಂಚು ಮೀರಿ ಟ್ಯೂಬಿನ ಮೈಗುಂಟ ಇಳಿದು ಕಾದ ಸೈಲೆನ್ಸರ್ ಮೇಲೆ ಬಿತ್ತು. ಬುಸ್ಸೆಂದು ಬಿಳಿ ಆವಿ ಎದ್ದಿತು. ನಾನು ಪ್ಲಗ್ಗಿನ ವೈರ್ ಕಿತ್ತೆ, ಚಕ್ರ ಉರುಳಿಸಿ ಟ್ಯೂಬು ಕಟ್ಟಿದೆ. ಅತ್ತೆ ಎಲ್ಲಿದ್ದಳೋ, ನೆನೆದ ಗೋಣಿಚೀಲ ಹಿಡಿದು ಓಡಿ ಬಂದು ಸೈಲೆನ್ಸರ್ ಮೇಲೆ ಹೊದಿಸಿದಳು. ಬೆಂಕಿ ಏಳಲಿಲ್ಲ. ಏಳದೆ ಇದ್ದದ್ದು ನಮ್ಮ ಜಾಣತನದಿಂದಲ್ಲ.

ನನಗೆ ಸಿಟ್ಟು ಬಂತು.

"ಸಾಕು ಅಂತ ಎಷ್ಟು ಸಲ ಅನ್ನೋದು ಮಾವ?"

ಅವನೂ ಸಿಟ್ಟಾದ. ಸ್ಟೂಲಿನಿಂದ ಇಳಿಯುತ್ತ, "ನೀನೇ ಅಲ್ವೇನೋ ಆಕು ಆಕು ಅಂತ ಬಾಯ್ ಬಡ್ಕೊಂಡಿದ್ದು? ಆಕು ಅಂದೆ, ಆಕ್ದೆ."

"ಸಾಕು ಅಂದೆ ನಾನು."

"ಆಕು ಅಂದೆ. ಇಲ್ಲಾಂದ್ರೆ ಗಾಳಿ. ಗಾಳೀಲಿ ಏನ್ ಕೇಳ್ತದೆ."

ನಾನು ಹಗ್ಗದ ಮೇಲಿನ ಬಟ್ಟೆಗಳ ಕಡೆ ನೋಡಿದೆ. ಅತ್ತೆ ಬೆಳಿಗ್ಗೆ ಒಗೆದು ಹಾಕಿದ ಸೀರೆ ಅಲ್ಲಾಡದೆ ನೇರ ಇಳಿಬಿದ್ದಿತ್ತು. ಬಾಟಲಿಯೂ ಅಲ್ಲಾಡುತ್ತಿರಲಿಲ್ಲ. ಮಧ್ಯಾಹ್ನದ ಆ ಗಳಿಗೆ ಗಾಳಿ ಪೂರ್ತಿ ಬಿದ್ದುಹೋಗಿತ್ತು.

ಮಾವನೂ ಆ ಸೀರೆಯನ್ನು ನೋಡಿದ. ಆಮೇಲೆ ಕ್ಯಾನನ್ನು ನೆಲಕ್ಕಿಟ್ಟು ಸ್ಟೂಲಿನ ಮೇಲೆ ಕೂತ.

ಮಾವನ ಕಿವಿ ಸಕಾರದಂಥ ಸಣ್ಣ ಸದ್ದನ್ನು ಹಿಡಿಯುತ್ತಿರಲಿಲ್ಲ. ಸಾಕು ಎಂಬ ಮಾತಿನಿಂದ ಸಕಾರವನ್ನು ತೆಗೆದುಬಿಟ್ಟರೆ ನಮ್ಮ ಮನೆಯಲ್ಲಿ ಉಳಿಯುವುದು ಆಕು, ಅಂದರೆ ಹಾಕು. ಕನ್ನಡ ಸೀಮೆಯವರಾಗಿದ್ದರೆ ಹಾಕು ಎನ್ನುವಾಗ ಎದೆಯಿಂದ ಒಂದು ಉಸಿರು ಬರುತ್ತಿತ್ತು, ಇಷ್ಟು ಮೋಸವಾಗುತ್ತಿರಲಿಲ್ಲವೇನೋ. ಬೆಳಿಗ್ಗೆ ಮೊಣಕಾಲಿಗೆ ಹರಿದ ಮಜ್ಜಿಗೆ, ಮದುವೆಗಳ ಪಾಯಸ, ಅವರಪ್ಪನ ಕೈ, ಎಲ್ಲ ಒಟ್ಟಿಗೆ ನೆನಪಾಗಿ ನನ್ನ ಸಿಟ್ಟು ಇಳಿಯಿತು. ನಾವು ಬೇಡ ಬೇಡವೆಂದು ಕೂಗಿದ್ದನ್ನೆಲ್ಲ ಅವನು ಇನ್ನೂ ಬೇಕು ಎಂದು ಕೇಳಿಸಿಕೊಂಡು, ಆಸೆಯಿಂದ ಬಡಿಸಿದ್ದ.

"ಎಷ್ಟು ದಿನ ಆಯ್ತು ಮಾವ?" ಅವನ ಎದುರಿಗೆ ಕೂತು, ಬಾಯಿ ಕಾಣುವ ಹಾಗೆ ಕೇಳಿದೆ.

ಮಾವ ಬನಿಯನ್ ಚಿಂದಿಯಲ್ಲಿ ಬೆರಳು ಒರೆಸಿಕೊಂಡ. "ದಿನ ಎಲ್ಲಿ. ಮೊದ್ಲು ಗುಬ್ಬಿ ಓಯ್ತು. ಊರಲ್ಲಿ ಗುಬ್ಬಿ ಇಲ್ಲ ಅಂದ್ಕೊಂಡೆ. ಆಮೇಲೆ ಸೈಕಲ್ ಬೆಲ್ಲು. ಆಮೇಲೆ ನಿಮ್ಮತ್ತೆ ಬಳೆ. ಅವ್ಳು ಇಂದೆ ಬಂದು ನಿಂತಿದ್ದೇ ಗೊತ್ತಾಗ್ತಿರ್ಲಿಲ್ಲ." ಅತ್ತೆ ತನ್ನ ಕೈಗಳನ್ನು ನೋಡಿಕೊಂಡಳು. "ಇಂಜಿನ್ನೂ ಸಣ್ಣಗೆ ಓಗ್ತಾ ಇತ್ತು. ಆದ್ರೆ ಇಂಜಿನ್ನು ಕೈಗೆ ಬರ್ತಿತ್ತು. ಟ್ಯಾಂಕಿನ ಮೇಲೆ ಅಂಗೈ ಇಟ್ರೆ ಕಿವಿಗಿಂತ ಚೆನ್ನಾಗಿ ಬರ್ತಿತ್ತು. ಈ ಒಸಾ ವಂಡಿಗಳಿಗೆ ಟ್ಯಾಂಕಿನ ಅಡೀಲಿ ರಬ್ಬರ್ ಮೆತ್ತೆ ಕೊಟ್ಟವ್ರೆ. ಮೆತ್ತೆ ಮೇಲೆ ಮಲಗಿಸಿದ ಮಗು ತರ, ಒಂದು ಮಾತೂ ಆಡಲ್ಲ." ನಿಲ್ಲಿಸಿ, ತೂಗುವ ಬಾಟಲಿಯ ಕಡೆ ಗದ್ದ ಎತ್ತಿದ. "ಇದು ಅಳೇ ವಂಡಿ, ಇದಾದ್ರೂ ಮಾತಾಡ್ತದೆ ಅಂತಿದ್ದೆ. ನೀ ಟ್ಯಾಂಕೇ ತೆಗೆದ್ಬಿಟ್ಟೆ. ಈಗ ಕೈ ಎಲ್ಲಿಡ್ಲಿ?"

ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಲು ಅದಕ್ಕಿಂತ ಸುಲಭದ ಗಳಿಗೆ ಇರಲಿಲ್ಲ. ಮಾವನೇ ಬಾಗಿಲು ತೆರೆದುಕೊಟ್ಟಿದ್ದ. ಶೆಡ್ಡು ಮುಚ್ಚಿಬಿಡು ಮಾವ. ಮೂರೇ ಮಾತು. ನಾನು ಅತ್ತೆಯ ಕಡೆ ನೋಡಿದೆ. ಅವಳು ಅಲ್ಲಿರಲಿಲ್ಲ.

ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳಿತು. ಅವಳು ಹೊರಬಂದಾಗ ಕೈಯಲ್ಲಿ ಐದು ಲೀಟರಿನ ಎಳ್ಳೆಣ್ಣೆ ಡಬ್ಬವಿತ್ತು. ಇದ್ದ ಎಣ್ಣೆಯನ್ನು ಗಡಿಗೆಗೆ ಸುರಿದು, ಬಿಸಿನೀರಿನಲ್ಲಿ ಕುಲುಕಿ, ಸೆರಗಿನಿಂದ ಒರೆಸಿ ತಂದಿದ್ದಳು. ಅದನ್ನು ಚಾಸಿಯ ಬರಿ ಪೈಪಿನ ಮೇಲೆ, ಟ್ಯಾಂಕು ಕೂರುವ ಜಾಗದಲ್ಲಿ ಅಡ್ಡ ಮಲಗಿಸಿದಳು.

"ಇಡಿ ಇಲ್ಲಿ," ಎಂದಳು. ಆಮೇಲೆ ನನಗೆ, "ನಿಂತ್ಕೊಂಡು ಏನ್ ನೋಡ್ತೀಯ, ಕಟ್ಟು."

ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ನಾಲ್ಕು ಸುತ್ತು ಸುತ್ತಿದೆ. ಇಂಜಿನ್ನು ಎಬ್ಬಿಸಿದರೆ ಡಬ್ಬ ಗಡಗಡ ಎಂದು ತಮಟೆಯಾಯಿತು. ಮಾವ ಬೇಡವೆಂದು ಕೈಯಾಡಿಸಿದ. ಇನ್ನೂ ನಾಲ್ಕು ಸುತ್ತು ಬಿಗಿದು, ಹಿಂದಿನಿಂದ ಒಂದು ಮರದ ಚಕ್ಕೆ ಹೊಡೆದೆ. ಈಗ ಗಡಗಡ ನಿಂತು ತಗಡಿನ ಮೈಯಲ್ಲಿ ಒಂದು ಸಣ್ಣ ನಡುಕ ಮಾತ್ರ ಉಳಿಯಿತು. ಮಾವ ಎಡ ಅಂಗೈಯನ್ನು ಡಬ್ಬದ ಮೇಲೆ ಇಟ್ಟ. ಮೊದಲು ಬೆರಳ ತುದಿ, ಆಮೇಲೆ ಇಡೀ ಕೈ. ಕಣ್ಣು ಮುಚ್ಚಿದ.

ನಾನು ಹಾಗೆ ಕಣ್ಣು ಮುಚ್ಚಿದವನನ್ನು ಚಿಕ್ಕಂದಿನಿಂದ ನೋಡಿದ್ದೆ. ಅವನು ಏನು ಮಾಡುತ್ತಿದ್ದಾನೆಂದು ಅಂದೇ ಮೊದಲ ಸಲ ತಿಳಿದದ್ದು. ಸ್ಕ್ರೂ ಸ್ವಲ್ಪ ಹೊರಗೆ ಬಂತು. ಇಂಜಿನ್ನು ಏರಿತು. ಮತ್ತಷ್ಟು ಹೊರಗೆ, ತೊದಲಿತು. ಒಳಗೆ, ಒಂದು ಕೂದಲೆಳೆ. ನನ್ನ ಕಿವಿಗೆ ಹದ ಬಂತು ಎನ್ನಿಸಿತು. ಬಂತು ಮಾವ ಎಂದು ಭುಜ ಮುಟ್ಟಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ಕಾದ. ನನಗೆ ಕೇಳದ ಯಾವುದೋ ತಡವರಿಕೆ ಅವನ ಅಂಗೈಗೆ ಬರುತ್ತಿತ್ತು. ಇಂಜಿನ್ನು ನಿಲ್ಲಿಸಲು ಹೇಳಿ, ಪೆಟ್ರೋಲು ಹಾಯುವ ಸಣ್ಣ ಜೆಟ್ಟನ್ನು ಬಿಚ್ಚಿಸಿದ. ಬೆಳಕಿಗೆ ಹಿಡಿದರೆ ಅದರ ಕಣ್ಣಿನಲ್ಲಿ ಒಂದು ತುಕ್ಕಿನ ಕಣ, ಸಾಸಿವೆಯ ಕಾಲುಭಾಗದಷ್ಟು. ಊದಿ ತೆಗೆದು ಕೂರಿಸಿದೆವು. ಮತ್ತೆ ಎಬ್ಬಿಸಿ, ಮತ್ತೆ ಕೈಯಿಟ್ಟು, ಎರಡು ಸಲ ತಿರುಗಿಸಿ, ಡಬ್ಬವನ್ನು ಮೆಲ್ಲಗೆ ತಟ್ಟಿದ.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. ನಾನು ನೀರು ಕುಡಿಯಲು ಒಳಗೆ ಹೋದಾಗ ಹಿಂದೆ ಬಂದು, "ಆ ಮಾತು ಏಳ್ಬೇಡ," ಎಂದಳು. "ಯಾವ ಮಾತು ಅತ್ತೆ?" ಎಂದೆ. ತಲೆಗೆ ಒಂದು ಮೊಟಕಿದಳು.

ನಾಲ್ಕಕ್ಕೆ ಕಾಂಪೌಂಡರ್ ಟ್ಯಾಂಕು ಹೊತ್ತು ಬಂದರು. ವಂಡಿಯ ಮೇಲೆ ಎಣ್ಣೆ ಡಬ್ಬ, ಮೇಲೆ ತೂಗುವ ಬಾಟಲಿ, ಎರಡನ್ನೂ ಮೇಲಿಂದ ಕೆಳಗೆ ನೋಡಿದರು.

"ಗ್ಲೂಕೋಸ್ ನಾನು ಕೊಟ್ಟಿದ್ದು. ಎಣ್ಣೆ ಯಾತಕ್ಕಣ್ಣಾ, ಒಗ್ಗರಣೆ ಆಕೋಕಾ?"

"ಬಾಟ್ಲಿ ನಿಮ್ಮ ವಂಡಿಗೆ," ಎಂದ ಮಾವ. "ಡಬ್ಬ ನಂಗೆ." ಟ್ಯಾಂಕು ಕೂರಿಸಿ ಪೆಟ್ರೋಲು ತುಂಬಿದೆವು. ಈ ಸಲ ಸುರಿದದ್ದು ನಾನು. ಕಾಂಪೌಂಡರ್ ಒಂದು ಕಿಕ್ಕು ಹೊಡೆದು, ಕತ್ತು ವಾಲಿಸಿ ಕೇಳಿ, ಚೀಲವನ್ನು ಹೆಗಲಿಗೆ ಏರಿಸಿ ಕೊಂಬೈ ದಾರಿ ಹಿಡಿದರು. ಮಾವ ರಸ್ತೆಯ ನಡುವೆ ನಿಂತು ನೋಡುತ್ತಲೇ ಇದ್ದ. ಬೆಟ್ಟದ ಬುಡದ ಏರು ಅಲ್ಲಿಂದ ಕಾಣುವುದಿಲ್ಲ. ಆದರೂ ಐದು ಗಂಟೆಯ ತನಕ ನಿಂತಿದ್ದ. ವಂಡಿ ತಿರುಗಿ ಬರಲಿಲ್ಲ.

ಆ ಮೂರು ಹೊಸ ವಂಡಿಗಳನ್ನೂ ಮುಂದಿನ ವಾರ ತರಿಸಿ, ಟ್ಯಾಂಕು ಬಿಚ್ಚಿ, ಬಾಟಲಿ ಕಟ್ಟಿ, ಡಬ್ಬ ಬಿಗಿದು ಹದ ಮಾಡಿಕೊಟ್ಟನಂತೆ. ಟ್ಯಾಂಕು ಇಳಿಸದೆ ಆತ ಕಾರ್ಬುರೇಟರ್ ಮುಟ್ಟುವುದಿಲ್ಲ, ಅಷ್ಟು ಶಾಸ್ತ್ರ ಎಂದು ಆಂಡಿಪಟ್ಟಿಯವರೆಗೆ ಹೆಸರಾಯಿತು. ಇನ್ನೂ ಹನ್ನೊಂದು ವರ್ಷ ಶೆಡ್ಡು ನಡೆಯಿತು. ಡಬ್ಬಗಳು ಮೂರು ಬದಲಾದವು. ದಿಂಡಿಗಲ್ಲಿನ ಡಾಕ್ಟರ್ ಕೊಟ್ಟ ಕಿವಿಯ ಯಂತ್ರವನ್ನು ಮಾತ್ರ ಅವನು ಮದುವೆಗಳಿಗೆ ಹೋಗುವಾಗ ಹಾಕಿಕೊಂಡು, ಅಲ್ಲಿ ಹೋಗಿ ತೆಗೆದಿಡುತ್ತಿದ್ದ.

ಅಂದು ಸಂಜೆ ಬಸ್ಸಿಗೆ ಮೊದಲು ಬೇಗ ಬೇಗ ಊಟಕ್ಕೆ ಕೂತೆವು. ಮಧ್ಯಾಹ್ನದ ಸಂಗತಿಯನ್ನು ಅತ್ತೆ ಆಗಲೇ ಅಜ್ಜಿಯ ಕಿವಿಗೆ ಹಾಕಿದ್ದಳು. ಅಜ್ಜಿ ಎಂದಿಗಿಂತ ಗಂಭೀರವಾಗಿ ಕೂತಿದ್ದಳು. ಅವಳ ಪಕ್ಕ ನಾನು. ಮಾವ ಸೊಂಟಕ್ಕೆ ಟವೆಲ್ ಸುತ್ತಿ ಸಾರಿನ ಪಾತ್ರೆ ಹಿಡಿದು ಬಂದ. ಮೊದಲು ಅಜ್ಜಿಯ ತಟ್ಟೆ. ಒಂದು ಸೌಟು, ಎರಡು ಸೌಟು. ಅಜ್ಜಿ ಬಾಯಿ ತೆರೆದಳು, ಮುಚ್ಚಿದಳು. ತೊಡೆ ಚಿವುಟಿ ನನಗೆ ಮಾತು ಕಲಿಸಿದವಳು. ಒಂದು ಸಲ ನನ್ನ ಕಡೆ ಓರೆಯಾಗಿ ನೋಡಿದಳು, ಇವನೊಬ್ಬ ಇಲ್ಲಿ ಇರಬಾರದಿತ್ತು ಎಂಬಂತೆ.

ಆಮೇಲೆ ಮಗನ ಕಡೆ ತಿರುಗಿ, ಸಾಕು ಎನ್ನುವುದಕ್ಕೆ ತಮಿಳಿನವರು ಆಡುವ ಮಾತನ್ನು ಆಡಿದಳು. "ಪೋದುಂಡಾ."

ಸೌಟು ಅಲ್ಲೇ ನಿಂತಿತು. ಒಂದು ಹನಿಯೂ ಚೆಲ್ಲಲಿಲ್ಲ.

ಮಾವ ತಾಯಿಯ ಮುಖ ನೋಡಿದ. ಅವಳು ಅನ್ನ ಕಲಸತೊಡಗಿದಳು. ಈಗ ನನ್ನ ತಟ್ಟೆಗೆ ಬಂದ. ಎರಡು ಸೌಟು ಬಿದ್ದ ಮೇಲೆ ನಾನೂ ಪೋದುಂ ಎಂದೆ, ಎಂದವನು ಅಭ್ಯಾಸಬಲದಿಂದ ತೊಡೆಯನ್ನು ಅಜ್ಜಿಯಿಂದ ದೂರ ಎಳೆದುಕೊಂಡೆ. ಅವಳು ಚಿವುಟಲಿಲ್ಲ. ಆ ಮನೆಯಲ್ಲಿ ಅಂದಿನಿಂದ ಎಲ್ಲರೂ ಅದನ್ನೇ ಆಡಿದರು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹಾಲೂ ಗೊತ್ತು, ನೀರೂ ಗೊತ್ತು, ಸಾಕು ಎಂಬ ಕನ್ನಡ ಮಾತು ಮಾತ್ರ ಗೊತ್ತಿಲ್ಲ. ಯಾಕೆಂದು ಕೇಳಿದವರಿಗೆ ಅಜ್ಜಿ ಕೊನೆಯವರೆಗೂ ಹೇಳಲಿಲ್ಲ.